ವರ್ಷಗಟ್ಟಲೆ ನಿಂತ ಸ್ಪೋರ್ಟ್ಸ್ ಕಾರಿನ ಕ್ಲಚ್: ದೋಷ ಒಳಗಿದೆಯೋ ಹೊರಗಿದೆಯೋ?

ಎರಡು ಮೂರು ವರ್ಷ ಶೆಡ್ಡಿನಲ್ಲಿ ನಿಂತಿದ್ದ ಸ್ಪೋರ್ಟ್ಸ್ ಕಾರು. ಹೊಸ ಬ್ಯಾಟರಿ ಹಾಕಿದಿರಿ, ಹಳೆ ಪೆಟ್ರೋಲ್ ತೆಗೆದು ಹೊಸದು ತುಂಬಿದಿರಿ, ಎಂಜಿನ್ ಸ್ಟಾರ್ಟ್ ಆಯಿತು. ಕ್ಲಚ್ ಒತ್ತಿ ಗೇರ್ ಹಾಕಲು ಹೋದರೆ ಕರ್ರ್ ಅಂತ ಸದ್ದು, ಗೇರ್ ಬೀಳುತ್ತಿಲ್ಲ. ಇಲ್ಲವೇ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂತಿದೆ. "ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು" ಅನ್ನೋ ಮಾತು ಸುತ್ತಮುತ್ತಲಿನವರಿಂದ ಕೂಡಲೇ ಬರುತ್ತದೆ.

ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡಿ. ನಿಲ್ಲಿಸುವ ದಿನ ಚೆನ್ನಾಗಿದ್ದ ಕ್ಲಚ್ ಪ್ಲೇಟ್ ನಿಂತಲ್ಲೇ ಸವೆಯುವುದಿಲ್ಲ. ನಿಂತ ಕಾರಿನಲ್ಲಿ ಕೆಡುವುದು ಬೇರೆ ವಸ್ತುಗಳು: ರಬ್ಬರ್ ಸೀಲ್, ಬ್ರೇಕ್ ಆಯಿಲ್ (ಹೈಡ್ರಾಲಿಕ್ ಕ್ಲಚ್ಚಿನಲ್ಲೂ ಸಾಮಾನ್ಯವಾಗಿ ಇದೇ ಇರುತ್ತದೆ), ಹೋಸ್ ಪೈಪ್, ತುಕ್ಕು ಹಿಡಿಯುವ ಕಬ್ಬಿಣದ ಮೈ. ಇವುಗಳಲ್ಲಿ ಹೆಚ್ಚಿನವು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚಿರುವ ಗೂಡಾದ ಬೆಲ್ ಹೌಸಿಂಗ್‌ನ ಹೊರಗಿವೆ, ಕೈಗೆ ಸಿಗುತ್ತವೆ. ಹಾಗಾಗಿ ಈ ಬರಹದಲ್ಲಿ ನಾನು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ. ದೋಷ ಬೆಲ್ ಹೌಸಿಂಗ್‌ನ ಒಳಗಿದೆಯೋ, ಹೊರಗಿದೆಯೋ? ಇದು ಗೊತ್ತಾಗುವವರೆಗೆ ಗೇರ್‌ಬಾಕ್ಸಿನ ಒಂದು ಬೋಲ್ಟನ್ನೂ ಮುಟ್ಟಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸ್ಪೋರ್ಟ್ಸ್ ಕಾರಿನಲ್ಲಂತೂ ಇದು ಇನ್ನೂ ಮುಖ್ಯ. ಪೋರ್ಷೆ 944 ನೋಡಿ. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ಹತ್ತಿರ, ನಡುವೆ ಉದ್ದನೆಯ ಟಾರ್ಕ್ ಟ್ಯೂಬ್. ಕ್ಲಚ್ ಇರುವುದು ಎಂಜಿನ್ ಪಕ್ಕದಲ್ಲಿ. ಅದನ್ನು ನೋಡಬೇಕಾದರೆ ಸೈಲೆನ್ಸರ್ ಪೈಪು, ಗೇರ್‌ಬಾಕ್ಸು, ಟಾರ್ಕ್ ಟ್ಯೂಬು ಎಲ್ಲವನ್ನೂ ಬಿಚ್ಚಿ ಹಿಂದಕ್ಕೆ ಸರಿಸಬೇಕು. ಅಷ್ಟೆಲ್ಲ ಮಾಡಿದ ಮೇಲೆ ದೋಷ, ಆಯಿಲ್ ಒತ್ತಡದಿಂದ ಕ್ಲಚ್ಚನ್ನು ಬಿಡಿಸುವ ಸ್ಲೇವ್ ಸಿಲಿಂಡರಿನ ಒಂದು ಚಿಕ್ಕ ಸೀಲಿನಲ್ಲಿತ್ತು ಅಂತ ಗೊತ್ತಾದರೆ ಹೇಗಿರುತ್ತೆ?

ಶುರು ಮಾಡುವ ಮೊದಲು

ಮೊದಲು ಬ್ರೇಕ್ ನೋಡಿ. ಕ್ಲಚ್ಚನ್ನು ಕೆಡಿಸಿದ ತೇವವೇ ಬ್ರೇಕನ್ನೂ ಬಿಟ್ಟಿರುವುದಿಲ್ಲ. ಮುಂದೆ ಹೇಳುವ ಕೆಲವು ಪರೀಕ್ಷೆಗಳಲ್ಲಿ ಕಾರು ದಿಢೀರ್ ಅಂತ ಮುಂದಕ್ಕೆ ನೆಗೆಯಬಹುದು. ಆಗ ಅದನ್ನು ಹಿಡಿಯುವುದು ಬ್ರೇಕ್ ಮಾತ್ರ. ಪೆಡಲ್ ಗಟ್ಟಿಯಾಗಿದೆಯೇ, ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆಯೇ, ನಾಲ್ಕೂ ಚಕ್ರ ನ್ಯೂಟ್ರಲ್‌ನಲ್ಲಿ ಸಲೀಸಾಗಿ ತಿರುಗುತ್ತವೆಯೇ ಅಂತ ನೋಡಿಕೊಳ್ಳಿ.

ಕಾರಿನ ಕೆಳಗೆ ಹೋಗುವಾಗ ಬರೀ ಜಾಕ್ ನಂಬಬೇಡಿ. ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಕೊಟ್ಟು, ಕಾರನ್ನು ಒಮ್ಮೆ ಅಲ್ಲಾಡಿಸಿ ನೋಡಿದ ಮೇಲೇ ಒಳಗೆ ಹೋಗಿ. ಹಳೆಯ ಕಾರುಗಳ ಕ್ಲಚ್ ಪ್ಲೇಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್, ಉಸಿರಿಗೆ ಅಪಾಯಕಾರಿ ನಾರು) ಇರುವ ಸಾಧ್ಯತೆ ಇದೆ. ಬೆಲ್ ಹೌಸಿಂಗ್‌ನಿಂದ ಉದುರುವ ಧೂಳನ್ನು ಗಾಳಿ ಪೈಪಿನಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ರೇಕ್ ಆಯಿಲ್ ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರು ಸುರಿದು ತೊಳೆಯಿರಿ. ಒರೆಸಿದರೆ ಸಾಲದು.

ಪೆಡಲ್ ಏನು ಹೇಳುತ್ತಿದೆ?

ಎಂಜಿನ್ ಆಫ್ ಇರಲಿ. ಪೆಡಲನ್ನು ನಿಧಾನವಾಗಿ ಒತ್ತಿ, ನಿಧಾನವಾಗಿ ಬಿಡಿ. ವರ್ಷಗಟ್ಟಲೆ ಅಲ್ಲಾಡದ ಕ್ಲಚ್ ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕು, ಕೆಸರು ಕೂತಿರುತ್ತದೆ. ಮೊದಲ ಸಲವೇ ಜೋರಾಗಿ ಒದ್ದರೆ ಸೀಲಿನ ಅಂಚು ಅದರ ಮೇಲೆ ಉಜ್ಜಿ ಹರಿದುಹೋಗಬಹುದು.

ಪೆಡಲ್ ಹಗುರಾಗಿ ನೆಲಕ್ಕೆ ಹೋದರೆ, ಸ್ಪಂಜಿನ ಹಾಗೆ ಮೆತ್ತಗಿದ್ದರೆ, ಅಥವಾ ಕೆಳಗೇ ಉಳಿದರೆ ಹೈಡ್ರಾಲಿಕ್ ಭಾಗವನ್ನು (ಕಾಲಿನ ಒತ್ತನ್ನು ಆಯಿಲ್ ಮೂಲಕ ಕ್ಲಚ್ಚಿಗೆ ಮುಟ್ಟಿಸುವ, ಪೆಡಲಿನ ಕಡೆಯ ಮಾಸ್ಟರ್ ಸಿಲಿಂಡರ್, ನಡುವಿನ ಹೋಸ್, ಕ್ಲಚ್ಚಿನ ಕಡೆಯ ಸ್ಲೇವ್ ಸಿಲಿಂಡರ್) ಮೊದಲು ಅನುಮಾನಿಸಿ. ಪೆಡಲ್ ಎಂದಿನಂತೆ ಗಟ್ಟಿಯಾಗಿದ್ದೂ ಗೇರ್ ಬೀಳದಿದ್ದರೆ ಒಳಗೆ ಪ್ಲೇಟ್ ಕಚ್ಚಿಕೊಂಡಿರುವ ಸಾಧ್ಯತೆ ಜಾಸ್ತಿ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿ, ಒತ್ತಲೇ ಆಗದಿದ್ದರೆ ಸ್ಲೇವ್ ಪಿಸ್ಟನ್ ಜಾಮ್ ಆಗಿರಬಹುದು, ಹೋಸ್ ಒಳಗೆ ಮುಚ್ಚಿಕೊಂಡಿರಬಹುದು, ಇಲ್ಲವೇ ಕ್ಲಚ್ಚನ್ನು ಬಿಡಿಸುವ ಸನ್ನೆಯಾದ ಫೋರ್ಕಿನ ಕೀಲು ತುಕ್ಕು ಹಿಡಿದಿರಬಹುದು. ಅಂಥ ಪೆಡಲನ್ನು ಬಲ ಹಾಕಿ ಒತ್ತಬೇಡಿ. ಫೋರ್ಕ್ ಬಾಗುತ್ತದೆ, ಪೆಡಲಿನ ಬ್ರಾಕೆಟ್ ಬಿರುಕು ಬಿಡುತ್ತದೆ.

ಕೆಲವು ಕಾರುಗಳಲ್ಲಿ ಕಾಲಿನ ಶ್ರಮ ಕಡಿಮೆ ಮಾಡಲು ಪೆಡಲಿಗೆ ಸಹಾಯಕ ಸ್ಪ್ರಿಂಗ್ ಇರುತ್ತದೆ. ಅದು ಅರ್ಧ ದಾರಿ ದಾಟಿದ ಮೇಲೆ ಪೆಡಲನ್ನು ಕೆಳಕ್ಕೇ ಎಳೆಯುತ್ತದೆ. ಹೈಡ್ರಾಲಿಕ್‌ನಲ್ಲಿ ಒತ್ತಡ ಇಲ್ಲದಾಗ ಪೆಡಲ್ ನೆಲಕ್ಕೆ ಅಂಟಿಕೊಳ್ಳುವುದು ಈ ಸ್ಪ್ರಿಂಗಿನಿಂದ. ಸ್ಪ್ರಿಂಗ್ ಕೆಟ್ಟಿದೆ ಅಂದುಕೊಂಡು ಅದನ್ನು ಬದಲಿಸಲು ಹೋಗಬೇಡಿ.

ಕೇಬಲ್ ಕ್ಲಚ್ ಇರುವ ಕಾರಾದರೆ ಕೆಲಸ ಸುಲಭ. ಪೋರ್ಷೆ 911ರಲ್ಲಿ 1986ರ ಮಾಡೆಲ್‌ವರೆಗೂ ಕೇಬಲ್ಲೇ ಇತ್ತು, 1987ರಲ್ಲಿ ಜಿ50 ಗೇರ್‌ಬಾಕ್ಸಿನ ಜೊತೆ ಹೈಡ್ರಾಲಿಕ್ ಬಂತು. ಕೇಬಲ್ಲಿನ ಎರಡೂ ತುದಿ ಬಿಚ್ಚಿ ಕೈಯಿಂದ ಎಳೆದು ನೋಡಿ. ಹೊರಕವಚದೊಳಗೆ ಸಲೀಸಾಗಿ ಓಡಾಡದಿದ್ದರೆ, ಒಂದು ಎಳೆ ತುಂಡಾಗಿದ್ದರೂ, ಹೊಸದು ಹಾಕಿ. ಎಣ್ಣೆ ಬಿಟ್ಟು ಸುಧಾರಿಸುವ ಕೆಲಸ ಬೇಡ. ಆಮೇಲೆ ಫೋರ್ಕ್ ಶಾಫ್ಟ್ ತಿರುಗುತ್ತದೆಯೇ ನೋಡಿ, ಪೆಡಲಿನ ಫ್ರೀ ಪ್ಲೇ (ಬಲ ಮುಟ್ಟುವ ಮೊದಲಿನ ಸಡಿಲ ಚಲನೆ) ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ಇಡಿ.

ತೀರ್ಪು ಕೊಡುವ ಅಳತೆ

ಸ್ಲೇವ್ ಸಿಲಿಂಡರ್ ಹೊರಗಿರುವ ಕಾರಿನಲ್ಲಿ, ಅಂದರೆ ಮಜ್ದಾ ಎಂಎಕ್ಸ್-5ರ ಮೊದಲ ಪೀಳಿಗೆ, ಎಂಜಿಬಿ, ಜಾಗ್ವಾರ್ ಇ-ಟೈಪ್, ಡಾಟ್ಸನ್ 240ಝಡ್‌ನಂಥವುಗಳಲ್ಲಿ, ಒಂದೇ ಅಳತೆ ಅರ್ಧ ಉತ್ತರ ಕೊಟ್ಟುಬಿಡುತ್ತದೆ. ಒಬ್ಬರು ಪೆಡಲನ್ನು ಪೂರ್ತಿ ಒತ್ತಲಿ. ನೀವು ಕೆಳಗಿನಿಂದ ಸ್ಲೇವ್ ಸಿಲಿಂಡರಿನ ಪುಶ್‌ರಾಡ್ (ಫೋರ್ಕನ್ನು ತಳ್ಳುವ ಸರಳು) ಎಷ್ಟು ಸರಿಯಿತು ಅಂತ ಸ್ಕೇಲ್ ಇಟ್ಟು ಅಳೆಯಿರಿ. ಎಂಜಿನ್ ಆಫ್ ಇರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಫೋರ್ಕಿನ ಹತ್ತಿರ ಬೆರಳಿರಬಾರದು.

ಸರಿಯಾದ ಅಳತೆ ಆ ಕಾರಿನ ಕೈಪಿಡಿಯಲ್ಲಿರುತ್ತದೆ. ಇಂಥ ಬಹುಪಾಲು ಕಾರುಗಳಲ್ಲಿ ರಾಡ್ ಒಂದು ಸೆಂಟಿಮೀಟರಿಗೂ ಹೆಚ್ಚು ಸರಿಯುತ್ತದೆ. ನಾಲ್ಕೈದು ಮಿಲಿಮೀಟರ್ ಮಾತ್ರ ಸರಿದರೆ ಕ್ಲಚ್ ಬಿಡುವುದೇ ಇಲ್ಲ, ದೋಷ ಹೊರಗಿದೆ. ರಾಡ್ ಪೂರ್ತಿ ಸರಿದು, ಪೆಡಲ್ ಒತ್ತಿ ಹಿಡಿದಷ್ಟು ಹೊತ್ತೂ ಅಲ್ಲೇ ನಿಂತರೆ ಹೊರಗಿನದೆಲ್ಲ ಸರಿಯಾಗಿದೆ, ದೋಷ ಒಳಗಿದೆ. ಒಂದು ನಿಮಿಷ ಒತ್ತಿ ಹಿಡಿಯಲು ಹೇಳಿ. ಪೆಡಲ್ ಕದಲದೆ ಇದ್ದರೂ ರಾಡ್ ಮೆಲ್ಲಗೆ ವಾಪಸ್ ಬರುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಸೀಲ್ ಒಳಗೊಳಗೇ ಆಯಿಲ್ ಬಿಟ್ಟುಕೊಡುತ್ತಿದೆ, ಅಥವಾ ಎಲ್ಲೋ ಸೋರುತ್ತಿದೆ. ಈ ಒಳಸೋರಿಕೆಯಲ್ಲಿ ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ, ಬ್ರೇಕ್ ಆಯಿಲ್ ಟ್ಯಾಂಕಿನ ಮಟ್ಟವೂ ಇಳಿಯುವುದಿಲ್ಲ. ತುಂಬ ಜನ ದಾರಿ ತಪ್ಪುವುದು ಇಲ್ಲೇ.

ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗ್ ಒಳಗೇ, ಗೇರ್‌ಬಾಕ್ಸಿಗೆ ಹೋಗುವ ಶಾಫ್ಟಿನ ಸುತ್ತ ಕೂತಿರುವ ಕಾರುಗಳೂ ಇವೆ. 1997ರಲ್ಲಿ ಬಂದ ಕಾರ್ವೆಟ್ ಸಿ5 ಹಾಗೆ. ಅಲ್ಲಿ ರಾಡ್ ಕಾಣುವುದಿಲ್ಲ. ಬೆಲ್ ಹೌಸಿಂಗ್‌ನ ತಳದಲ್ಲಿ ಹನಿಯುತ್ತಿದೆಯೇ ನೋಡಿ. ಹನಿ ಯಾವುದರದ್ದು ಅಂತ ತಿಳಿಯಲು ಅದನ್ನು ನೀರಿಗೆ ಬಿಡಿ. ಗ್ಲೈಕಾಲ್ ಬ್ರೇಕ್ ಆಯಿಲ್ ಆದರೆ ನೀರಿನಲ್ಲಿ ಬೆರೆತುಹೋಗುತ್ತದೆ. ಎಂಜಿನ್ ಆಯಿಲ್, ಗೇರ್ ಆಯಿಲ್ ಬೆರೆಯದೆ ಮೇಲೆ ತೇಲುತ್ತವೆ. ಗೇರ್ ಆಯಿಲಿಗೆ ಗಂಧಕದಂಥ ಘಾಟು ವಾಸನೆ ಇರುವುದರಿಂದ ಅದನ್ನು ಬೇರೆ ಮಾಡುವುದು ಕಷ್ಟವಲ್ಲ. ಬ್ರೇಕ್ ಆಯಿಲ್ ಅಂತ ಖಚಿತವಾದರೆ ಮಾತ್ರ, ಹೈಡ್ರಾಲಿಕ್ ದೋಷಕ್ಕೂ ಗೇರ್‌ಬಾಕ್ಸ್ ಇಳಿಸಲೇಬೇಕಾದ ದುರದೃಷ್ಟ.

ಒತ್ತಡದ ಪಂಪಿನಿಂದ ಕ್ಲಚ್ ಬಿಡಿಸುವ, ಸ್ಟೀರಿಂಗ್ ಹಿಂದಿನ ಪ್ಯಾಡಲ್ಲಿನಿಂದ ಗೇರ್ ಬದಲಿಸುವ ಕಾರುಗಳ ದಾರಿಯೇ ಬೇರೆ. 1997ರ ಫೆರಾರಿ ಎಫ್355 ಎಫ್1ನಂಥವುಗಳಲ್ಲಿ ಕ್ಲಚ್ ಪೆಡಲ್ಲೇ ಇಲ್ಲ. ಪಂಪು, ಒತ್ತಡ ಕೂಡಿಡುವ ಅಕ್ಯುಮ್ಯುಲೇಟರ್, ಸೆನ್ಸರ್ ಇವುಗಳನ್ನು ಸರಿಯಾದ ಸ್ಕ್ಯಾನ್ ಟೂಲ್ ಇಲ್ಲದೆ ಪರೀಕ್ಷಿಸಲು ಆಗದು. ಈ ಬರಹ ಪೆಡಲ್ ಇರುವ ಕಾರುಗಳಿಗೆ.

ಹೊರಗಿನ ದೋಷ: ಹೈಡ್ರಾಲಿಕ್

ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಮುಚ್ಚಳದ ಸಣ್ಣ ರಂಧ್ರ, ರಬ್ಬರ್ ಹೋಸಿನ ಗೋಡೆ, ಎರಡೂ ತೇವವನ್ನು ಒಳಗೆ ಬಿಡುತ್ತವೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಕ್ಲಚ್ಚಿಗೆ ಕುದಿಯುವುದಕ್ಕಿಂತ ದೊಡ್ಡ ಶತ್ರು ಆ ನೀರು ತರುವ ತುಕ್ಕು. ಸಿಲಿಂಡರಿನ ಒಳಗೋಡೆಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಸೀಲ್ ಅದರ ಮೇಲೆ ಓಡಾಡಿದಂತೆಲ್ಲ ಸವೆಯುತ್ತದೆ.

ಟ್ಯಾಂಕಿನಿಂದ ಶುರು ಮಾಡಿ. ಅನೇಕ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಟ್ಯಾಂಕ್. ಕ್ಲಚ್ಚಿನ ಪೈಪ್ ಟ್ಯಾಂಕಿನ ಬದಿಯಲ್ಲಿ ಸ್ವಲ್ಪ ಮೇಲೆ ಇರುತ್ತದೆ. ಕ್ಲಚ್ ಸೋರಿದರೂ ಬ್ರೇಕಿಗೆ ಆಯಿಲ್ ಉಳಿಯಲಿ ಅಂತ ಆ ಏರ್ಪಾಡು. ಆದ್ದರಿಂದ ಟ್ಯಾಂಕಿನಲ್ಲಿ ಅರ್ಧ ಆಯಿಲ್ ಇದೆ ಅಂದ ಮಾತ್ರಕ್ಕೆ ಕ್ಲಚ್ಚಿಗೆ ಆಯಿಲ್ ಸಿಗುತ್ತಿದೆ ಅಂತ ಅಲ್ಲ. ಪೈಪಿನ ಬಾಯಿ ಗಾಳಿಯಲ್ಲಿದ್ದರೆ ಪೆಡಲ್ ಬರೀ ಗಾಳಿಯನ್ನು ಒತ್ತುತ್ತಿರುತ್ತದೆ.

ಆಮೇಲೆ ಒಳಗೆ, ಪೆಡಲಿನ ಮೇಲ್ಭಾಗದಲ್ಲಿ ಮಾಸ್ಟರ್ ಸಿಲಿಂಡರಿನ ಪುಶ್‌ರಾಡ್ ಇರುವಲ್ಲಿ ಟಾರ್ಚ್ ಬಿಟ್ಟು ನೋಡಿ. ತೇವ ಇದೆಯೇ, ಪೇಂಟ್ ಎದ್ದಿದೆಯೇ, ಕೆಳಗಿನ ಕಾರ್ಪೆಟ್ ಅಂಟಂಟಾಗಿದೆಯೇ? ಹಾಗಿದ್ದರೆ ಮಾಸ್ಟರ್ ಸೋರುತ್ತಿದೆ. ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಬೆರಳಿನಿಂದ ಸರಿಸಿ. ಒಳಗೆ ಕಪ್ಪು ಆಯಿಲ್ ನಿಂತಿದ್ದರೆ ಸ್ಲೇವ್ ಹೋಗಿದೆ. ಹೊರಗಿನಿಂದ ಒಣಗಿ ಕಂಡರೂ ಟೋಪಿ ಸರಿಸದೆ ತೀರ್ಮಾನ ಮಾಡಬೇಡಿ, ಅದು ಸಾಕಷ್ಟು ಆಯಿಲನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಎಂಎಕ್ಸ್-5ರಲ್ಲಿ ಸ್ಲೇವ್ ಸಿಲಿಂಡರ್ ಸೋರುವುದು ಎಲ್ಲರಿಗೂ ಗೊತ್ತಿರುವ ದೌರ್ಬಲ್ಯ. ಎರಡು ಬೋಲ್ಟು, ಒಂದು ಪೈಪು ಬಿಚ್ಚಿದರೆ ಕೈಗೆ ಬರುತ್ತದೆ.

ಪೆಡಲನ್ನು ಬೇಗ ಬೇಗ ಮೂರ್ನಾಲ್ಕು ಸಲ ಒತ್ತಿದಾಗ ಮಾತ್ರ ಗೇರ್ ಬೀಳುತ್ತದೆಯೇ? ಹಾಗಾದರೆ ಲೈನಿನಲ್ಲಿ ಗಾಳಿ ಇದೆ ಅಥವಾ ಮಾಸ್ಟರ್ ಸೀಲ್ ಸೋತಿದೆ. ಮೊದಲು ಹಳೆ ಆಯಿಲ್ ತೆಗೆದು ಗಾಳಿ ಬಿಡಿಸಿ. ಸರಿಯಾಗಿ ಬ್ಲೀಡ್ ಮಾಡಿದ ಮೇಲೂ ಎರಡು ಮೂರು ದಿನದಲ್ಲಿ ಪೆಡಲ್ ಮತ್ತೆ ಮೆತ್ತಗಾದರೆ ಮಾಸ್ಟರ್ ಬದಲಿಸಿ.

ನನ್ನ ಸಲಹೆ ಕೇಳಿದರೆ ಮಾಸ್ಟರ್, ಸ್ಲೇವ್, ನಡುವಿನ ರಬ್ಬರ್ ಹೋಸ್ ಮೂರನ್ನೂ ಒಟ್ಟಿಗೇ ಬದಲಿಸಿ. ಮೂರೂ ಒಂದೇ ಆಯಿಲಿನಲ್ಲಿ, ಒಂದೇ ತೇವದಲ್ಲಿ ಅಷ್ಟೇ ವರ್ಷ ಇದ್ದವು. ಒಂದಕ್ಕೆ ಹೊಸ ಬಲ ಬಂದ ಕೂಡಲೇ ಪೂರ್ತಿ ಒತ್ತಡ ಇನ್ನೊಂದರ ಹಳೆ ಸೀಲಿನ ಮೇಲೆ ಬೀಳುತ್ತದೆ, ಕೆಲವೇ ವಾರಗಳಲ್ಲಿ ಅದೂ ಸೋರತೊಡಗುತ್ತದೆ. ಬರೀ ಸೀಲ್ ಕಿಟ್ ಹಾಕುವುದಾದರೆ ಸಿಲಿಂಡರಿನ ಒಳಗೋಡೆಯನ್ನು ಉಗುರಿನಿಂದ ಸವರಿ ನೋಡಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಆ ಸಿಲಿಂಡರಿಗೆ ಕಿಟ್ ಹಾಕುವುದು ದಂಡ.

ಹೋಸಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಅದನ್ನು ಯಾರೂ ಅನುಮಾನಿಸುವುದಿಲ್ಲ. ಹೊರಗಿನಿಂದ ಚೆನ್ನಾಗಿ ಕಾಣುವ ಹಳೆ ಹೋಸಿನ ಒಳಪದರ ಊದಿ ಅಥವಾ ಸಿಪ್ಪೆಯೆದ್ದು ದಾರಿ ಮುಚ್ಚಿರುತ್ತದೆ. ಕಾಲಿನ ಬಲ ಆಯಿಲನ್ನು ಅತ್ತ ತಳ್ಳುತ್ತದೆ, ಆದರೆ ಆಯಿಲ್ ವಾಪಸ್ ಬರಲು ದಾರಿ ಇಲ್ಲ. ಆಗ ಕ್ಲಚ್ ಅರ್ಧ ಒತ್ತಿದ ಹಾಗೇ ಉಳಿದು ಜಾರುತ್ತದೆ. ನೋಡಿದವರು ಪ್ಲೇಟ್ ಸವೆದಿದೆ ಅನ್ನುತ್ತಾರೆ. ಇದಕ್ಕೆ ಒಂದು ಒಳ್ಳೆಯ ಪರೀಕ್ಷೆ ಇದೆ. ಪೆಡಲನ್ನು ಕೆಲವು ಸಲ ಒತ್ತಿ ಬಿಟ್ಟು, ಕಾಲು ತೆಗೆದು, ಸ್ಲೇವಿನ ಬ್ಲೀಡ್ ನಿಪ್ಪಲ್ (ಗಾಳಿ ಬಿಡಿಸುವ ತಿರುಪು) ಸಡಿಲಿಸಿ. ಆಯಿಲ್ ಚಿಮ್ಮಿ, ರಾಡ್ ಹಿಂದೆ ಸರಿದರೆ ಲೈನಿನಲ್ಲಿ ಒತ್ತಡ ಸಿಕ್ಕಿಕೊಂಡಿತ್ತು ಅಂತ ಅರ್ಥ. ಇದನ್ನೇ ಮತ್ತೆ ಮಾಡಿ, ಈ ಸಲ ಹೋಸಿನ ಮೇಲ್ತುದಿಯ ಜಾಯಿಂಟ್ ಸಡಿಲಿಸಿ. ಅಲ್ಲಿ ಬಿಟ್ಟರೂ ಒತ್ತಡ ಇಳಿಯದಿದ್ದರೆ ತಪ್ಪು ಹೋಸಿನದು. ಅಲ್ಲೇ ಇಳಿದುಹೋದರೆ ಮಾಸ್ಟರಿನ ವಾಪಸ್ ರಂಧ್ರ ಕಟ್ಟಿಕೊಂಡಿದೆ, ಇಲ್ಲವೇ ಪೆಡಲಿನ ಪುಶ್‌ರಾಡಿಗೆ ಫ್ರೀ ಪ್ಲೇ ಇಲ್ಲ.

ಬ್ಲೀಡ್ ನಿಪ್ಪಲ್ ತುಕ್ಕು ಹಿಡಿದಿದ್ದರೆ ಸಾದಾ ಸ್ಪ್ಯಾನರ್ ಹಾಕಬೇಡಿ, ಮೂಲೆಗಳು ಉರುಟಾಗುತ್ತವೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಆರು ಮೂಲೆಯ ಸಾಕೆಟ್ ಬಳಸಿ, ಒಮ್ಮೆ ಬಿಗಿ ಮಾಡುವ ಕಡೆಗೆ ಸ್ವಲ್ಪ ಒತ್ತಿ ಆಮೇಲೆ ಬಿಚ್ಚಿ. ಗಾಳಿ ಹಟ ಮಾಡಿದರೆ ಕೆಳಗಿನಿಂದ ಮೇಲಕ್ಕೆ ತುಂಬಿ. ದೊಡ್ಡ ಸಿರಿಂಜಿಗೆ ಪೈಪ್ ಸಿಕ್ಕಿಸಿ, ನಿಪ್ಪಲ್ ಮೂಲಕ ಆಯಿಲನ್ನು ನಿಧಾನವಾಗಿ ಮೇಲಕ್ಕೆ ತಳ್ಳಿದರೆ ಗುಳ್ಳೆಗಳು ತಾವಾಗಿಯೇ ಟ್ಯಾಂಕಿಗೆ ಏರುತ್ತವೆ. ಮೊದಲು ಟ್ಯಾಂಕಿನಿಂದ ಹಳೆಯದನ್ನು ಸ್ವಲ್ಪ ತೆಗೆದಿರಿ, ಇಲ್ಲದಿದ್ದರೆ ಉಕ್ಕಿ ಪೇಂಟ್ ಹಾಳಾಗುತ್ತದೆ.

ಯಾವ ಆಯಿಲ್ ಅನ್ನುವುದರಲ್ಲಿ ಊಹೆ ಬೇಡ. ಡಾಟ್ 3, 4, 5.1 ಮೂರೂ ಗ್ಲೈಕಾಲ್ ಬಗೆ. ಡಾಟ್ 5 ಮಾತ್ರ ಸಿಲಿಕೋನ್, ಅದನ್ನು ಉಳಿದವುಗಳ ಜೊತೆ ಬೆರೆಸಬಾರದು. ಖನಿಜ ಎಣ್ಣೆ ಬ್ರೇಕ್ ಆಯಿಲ್ ಲೈನಿಗೆ ಹೋದರಂತೂ ಸೀಲುಗಳೆಲ್ಲ ಉಬ್ಬಿ ಜಾಮ್ ಆಗುತ್ತವೆ.

ಒಳಗಿನ ದೋಷ: ಕಚ್ಚಿಕೊಂಡ ಪ್ಲೇಟ್

ರಾಡ್ ಪೂರ್ತಿ ಸರಿಯುತ್ತಿದೆ. ಎಂಜಿನ್ ಆಫ್ ಇದ್ದಾಗ ಎಲ್ಲ ಗೇರೂ ಸಲೀಸಾಗಿ ಬೀಳುತ್ತವೆ, ಎಂಜಿನ್ ಓಡುವಾಗ ಒಂದೂ ಬೀಳುವುದಿಲ್ಲ. ಇದು ಪ್ಲೇಟ್ ಫ್ಲೈವೀಲಿಗೋ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಪ್ರೆಶರ್ ಪ್ಲೇಟಿಗೋ (ಕ್ಲಚ್ ಪ್ಲೇಟನ್ನು ಅದಕ್ಕೆ ಒತ್ತಿ ಹಿಡಿಯುವ ತಟ್ಟೆ) ಅಂಟಿದ ಲಕ್ಷಣ. ಫ್ಲೈವೀಲ್ ಬೀಡು ಕಬ್ಬಿಣದ್ದು. ಪ್ಲೇಟಿನ ಲೈನಿಂಗ್ ರಾಳ ಮತ್ತು ನಾರಿನದ್ದು, ತೇವ ಹಿಡಿದಿಟ್ಟುಕೊಳ್ಳುತ್ತದೆ. ಎರಡನ್ನೂ ಸ್ಪ್ರಿಂಗ್ ಬಿಗಿಯಾಗಿ ಒತ್ತಿ ಹಿಡಿದಿದೆ. ಹಗಲು ಬಿಸಿ, ರಾತ್ರಿ ತಂಪು, ನಡುವೆ ಇಬ್ಬನಿ. ತುಕ್ಕು ಎರಡನ್ನೂ ಒಂದಾಗಿಸುತ್ತದೆ.

ಖಚಿತ ಮಾಡಿಕೊಳ್ಳಲು ಡ್ರೈವ್ ಚಕ್ರ ಎರಡನ್ನೂ ಎತ್ತಿ ಸ್ಟ್ಯಾಂಡ್ ಮೇಲಿಡಿ, ಉಳಿದ ಚಕ್ರಗಳಿಗೆ ಮುಂದೆ ಹಿಂದೆ ತಡೆ ಕೊಡಿ. ಎಂಜಿನ್ ಆಫ್, ಟಾಪ್ ಗೇರ್, ಪೆಡಲ್ ಪೂರ್ತಿ ಒತ್ತಿರಲಿ. ಈಗ ಎರಡೂ ಚಕ್ರವನ್ನು ಒಂದೇ ದಿಕ್ಕಿಗೆ ತಿರುಗಿಸಿ. ಕ್ಲಚ್ ಬಿಡುತ್ತಿದ್ದರೆ ಸಲೀಸಾಗಿ ತಿರುಗಬೇಕು. ಎಂಜಿನ್ನಿನ ಕಂಪ್ರೆಶನ್ ಕೈಗೆ ತಗುಲಿದರೆ ಪ್ಲೇಟ್ ಅಂಟಿದೆ. ಒಂದೇ ಚಕ್ರ ತಿರುಗಿಸಿ ನೋಡಬೇಡಿ. ಸಾದಾ ಡಿಫರೆನ್ಶಿಯಲ್ (ಎರಡೂ ಚಕ್ರಕ್ಕೆ ಬಲ ಹಂಚುವ ಗೇರ್ ಜೋಡಣೆ) ಇದ್ದರೆ ಇನ್ನೊಂದು ಚಕ್ರ ಹಿಮ್ಮುಖವಾಗಿ ತಿರುಗಿ, ಎಲ್ಲ ಸರಿ ಇದೆ ಅಂತ ನಂಬಿಸುತ್ತದೆ.

ಗೇರ್‌ಬಾಕ್ಸಿಗೆ ಹೋಗುವ ಶಾಫ್ಟಿನ ತುದಿಗೆ ಎಂಜಿನ್ ಕಡೆ ಆಧಾರ ಕೊಡುವ ಪೈಲಟ್ ಬೇರಿಂಗ್ ಜಾಮ್ ಆಗಿದ್ದರೂ ಗೇರ್ ಕರ್ರ್ ಅನ್ನುತ್ತದೆ. ವ್ಯತ್ಯಾಸ ಇಷ್ಟೇ: ಬೇರಿಂಗ್ ಎಳೆತ ಸಾಮಾನ್ಯವಾಗಿ ಸಣ್ಣದು, ಬ್ರೇಕ್ ಮೆಲ್ಲಗೆ ಒತ್ತಿದರೂ ನಿಲ್ಲುತ್ತದೆ. ಅಂಟಿದ ಪ್ಲೇಟ್ ಎಂಜಿನ್ನನ್ನೇ ನಿಲ್ಲಿಸಿಬಿಡುತ್ತದೆ.

ಬಿಡಿಸಲು ಮೆತ್ತಗಿನ ದಾರಿಯಿಂದ ಶುರು ಮಾಡಿ. ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು ಪೂರ್ತಿ ಬಿಸಿ ಮಾಡಿ ಆಫ್ ಮಾಡಿ. ಶೆಡ್ಡಿನ ಬಾಗಿಲು ತೆರೆದಿರಲಿ, ಹೊಗೆ ಪ್ರಾಣಕ್ಕೆ ಅಪಾಯ. ಆಮೇಲೆ ಪೆಡಲನ್ನು ಪೂರ್ತಿ ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಮರದ ತುಂಡು ಕೊಟ್ಟು ರಾತ್ರಿಯೆಲ್ಲ ಬಿಡಿ. ಬಿಸಿಯಾದ ಲೋಹ ತಣ್ಣಗಾಗುವಾಗ ಕೆಲವೊಮ್ಮೆ ಟಕ್ ಅಂತ ತಾನಾಗಿಯೇ ಬಿಡುತ್ತದೆ. ಎರಡು ಮೂರು ರಾತ್ರಿ ಹೀಗೆ ಮಾಡಲು ತಾಳ್ಮೆ ಇರಲಿ. ಎಷ್ಟೋ ಪ್ಲೇಟುಗಳು ಇಷ್ಟಕ್ಕೇ ಬಿಡುತ್ತವೆ.

ಬಿಡದಿದ್ದರೆ ಸ್ಟಾರ್ಟರ್ ಬಳಸಿ. ಕಾರನ್ನು ನೆಲದ ಮೇಲಿಡಿ, ಮುಂದೆ ಯಾರೂ ಇರಬಾರದು, ಚಕ್ರಗಳಿಗೆ ತಡೆ ಇರಲಿ. ಎಂಜಿನ್ ಓಡದಂತೆ ಇಗ್ನಿಷನ್ ಮತ್ತು ಪೆಟ್ರೋಲ್ ಪಂಪಿನ ಸಂಪರ್ಕ ತೆಗೆಯಿರಿ. ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕೂ ಒತ್ತಿ, ಟಾಪ್ ಗೇರ್ ಹಾಕಿ, ಕ್ಲಚ್ ಒತ್ತಿ, ಎರಡು ಸೆಕೆಂಡ್ ಸ್ಟಾರ್ಟರ್ ಹೊಡೆಯಿರಿ. ಟಾಪ್ ಗೇರೇ ಯಾಕೆ? ಮೊದಲ ಗೇರಿನಲ್ಲಿ ಸ್ಟಾರ್ಟರಿನ ಬಲ ಹಲವು ಪಟ್ಟು ಹೆಚ್ಚಾಗಿ ಚಕ್ರಕ್ಕೆ ಹೋಗುತ್ತದೆ, ಬ್ರೇಕನ್ನೂ ಮೀರಿ ಕಾರು ಹೊರಟುಬಿಡಬಹುದು. ಟಾಪ್ ಗೇರಿನಲ್ಲಿ ಚಕ್ರಕ್ಕೆ ಹೋಗುವ ಬಲ ಕಡಿಮೆ, ಬ್ರೇಕ್ ಸುಲಭವಾಗಿ ಹಿಡಿಯುತ್ತದೆ. ಸ್ಟಾರ್ಟರಿನ ತಿರುಚುವ ಬಲ ಅಂಟಿದ ಜಾಗದ ಮೇಲೇ ಬೀಳುತ್ತದೆ. ಎಂಜಿನ್ ಸಲೀಸಾಗಿ ತಿರುಗತೊಡಗಿತು ಅಂದರೆ ಪ್ಲೇಟ್ ಬಿಟ್ಟಿತು. ತಿರುಗದಿದ್ದರೆ ಸ್ಟಾರ್ಟರ್ ತಣ್ಣಗಾಗಲು ಕೆಲವು ನಿಮಿಷ ಬಿಟ್ಟು ಮತ್ತೆ ನೋಡಿ. ಸುಮ್ನೆ ಹೊಡೆಯುತ್ತಲೇ ಇದ್ದರೆ ಸ್ಟಾರ್ಟರ್ ಸುಡುತ್ತದೆ.

ಕೊನೆಯ ದಾರಿ, ಎಂಜಿನ್ನನ್ನು ಬಿಸಿ ಮಾಡಿ ಆಫ್ ಮಾಡಿ, ಮೊದಲ ಅಥವಾ ಎರಡನೇ ಗೇರಿನಲ್ಲೇ ಸ್ಟಾರ್ಟ್ ಮಾಡಿ, ಕ್ಲಚ್ ಒತ್ತಿ ಹಿಡಿದೇ ನಿಧಾನವಾಗಿ ಓಡಿಸುತ್ತಾ ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡುವುದು. ಬಲ ಅತ್ತ ಇತ್ತ ಬದಲಾದಂತೆ ಅಂಟು ಬಿಡುತ್ತದೆ, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಬಿಡುತ್ತದೆ. ಇದನ್ನು ರಸ್ತೆಯಲ್ಲಿ ಮಾಡುವುದೇ ಬೇಡ, ಖಾಲಿಯಾದ ವಿಶಾಲ ಖಾಸಗಿ ಜಾಗ ಬೇಕು. ನಿಲ್ಲಿಸಲು ಇಗ್ನಿಷನ್ ಆಫ್ ಮಾಡಿ, ಆದರೆ ಕೀಲಿ ಹೊರಗೆ ಎಳೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ಪೋರ್ಷೆ 944ಕ್ಕೆ ಕಂಪನಿ ಹಾಕಿದ್ದ ಪ್ಲೇಟಿನ ನಡುಭಾಗ ರಬ್ಬರಿನದ್ದು. ವಯಸ್ಸಾದ ಆ ರಬ್ಬರ್ ಇಂಥ ಏಟಿಗೆ ಹರಿದುಹೋಗುತ್ತದೆ. ಅದಕ್ಕೂ, ಎರಡು ತುಂಡಿನ ಡ್ಯುಯಲ್ ಮಾಸ್ ಫ್ಲೈವೀಲ್ ಇರುವ ಕಾರುಗಳಿಗೂ ಈ ದಾರಿ ಬೇಡವೇ ಬೇಡ. ಚಕ್ರಗಳನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಎಂಜಿನ್ ಓಡಿಸಿ, ದಿಢೀರ್ ಬ್ರೇಕ್ ಒತ್ತುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಕಾರು ಸ್ಟ್ಯಾಂಡಿನಿಂದ ಹಾರಿ ಬೀಳಬಹುದು, ಅದನ್ನು ಮಾಡಬೇಡಿ.

ಬೆಲ್ ಹೌಸಿಂಗ್‌ನ ಕಿಂಡಿಯಿಂದ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸುವುದಂತೂ ಕೂಡದು. ಪ್ಲೇಟ್ ಬಿಡುತ್ತದೆ ನಿಜ, ಆದರೆ ಎಣ್ಣೆ ಕುಡಿದ ಲೈನಿಂಗ್ ಮತ್ತೆ ಹಿಡಿಯುವುದಿಲ್ಲ. ಆ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ನೋಡುವುದು ಮಾತ್ರ ಒಳ್ಳೆಯದು. ನಿಂತ ಕಾರಿನ ಬೆಲ್ ಹೌಸಿಂಗ್ ಒಳಗೆ ಇಲಿಗಳು ಗೂಡು ಕಟ್ಟುತ್ತವೆ. ಹುಲ್ಲು, ಬಟ್ಟೆ ಚೂರು ಕಂಡರೆ ಎಂಜಿನ್ ತಿರುಗಿಸುವ ಮೊದಲೇ ತೆಗೆಯಿರಿ.

ಬಿಟ್ಟ ಮೇಲೆ

ಪ್ಲೇಟ್ ಬಿಟ್ಟಿತು ಅಂತ ಕೂಡಲೇ ಜೋರಾಗಿ ಓಡಿಸಬೇಡಿ. ಮೈಮೇಲೆ ಇನ್ನೂ ತುಕ್ಕಿನ ಪುಡಿ ಇರುತ್ತದೆ. ಸಮತಟ್ಟಾದ ಜಾಗದಲ್ಲಿ, ಕಡಿಮೆ ಆರ್‌ಪಿಎಂನಲ್ಲಿ, ಮೆಲ್ಲಗೆ ಹೊರಟು ನಿಲ್ಲುವುದನ್ನು ಹತ್ತಿಪ್ಪತ್ತು ಸಲ ಮಾಡಿ, ನಡುನಡುವೆ ತಣ್ಣಗಾಗಲು ಬಿಡಿ. ಮೊದಮೊದಲು ನಡುಕ ಇರುತ್ತದೆ, ತುಕ್ಕು ಉಜ್ಜಿಹೋದಂತೆ ಕಡಿಮೆಯಾಗುತ್ತದೆ. ನಾಲ್ಕೈದು ದಿನ ಓಡಿಸಿದ ಮೇಲೂ ನಡುಕ ಹಾಗೇ ಇದ್ದರೆ ಫ್ಲೈವೀಲಿನಲ್ಲಿ ಗುಳಿ ಬಿದ್ದಿದೆ ಅಥವಾ ಲೈನಿಂಗಿನ ಒಂದು ತುಂಡು ಕಿತ್ತುಬಂದಿದೆ.

ಜಾರುತ್ತಿದೆಯೇ ಅಂತ ತಿಳಿಯಲು ಮೇಲಿನ ಗೇರಿನಲ್ಲಿ, ಮಧ್ಯಮ ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಜಿಗಿದರೆ ಜಾರುತ್ತಿದೆ. ಒಮ್ಮೆ ನೋಡಿದರೆ ಸಾಕು. ಮೇಲೆ ಹೇಳಿದ ನಿಪ್ಪಲ್ ಪರೀಕ್ಷೆ ಮಾಡದೆ ಪ್ಲೇಟನ್ನು ದೂರಬೇಡಿ. ಅದೂ ಸರಿಯಿದ್ದರೆ ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಹಿಂಬದಿ ಸೀಲ್ ಒಣಗಿ ಎಂಜಿನ್ ಆಯಿಲ್ ಪ್ಲೇಟಿಗೆ ತಗುಲಿರಬಹುದು.

ಸದ್ದುಗಳ ವಿಷಯ ಚಿಕ್ಕದು. ಪೆಡಲ್ ಒತ್ತಿದಾಗ ಬರುವ ಸದ್ದು, ಫೋರ್ಕ್ ತಳ್ಳುವ ರಿಲೀಸ್ ಬೇರಿಂಗಿನದು. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಬಂದು ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗಿನದು. ಗೇರಿನಲ್ಲಿ, ಪೆಡಲ್ ಪೂರ್ತಿ ಒತ್ತಿ ನಿಂತಾಗ ಮಾತ್ರ ಬಂದರೆ ಪೈಲಟ್ ಬೇರಿಂಗನ್ನೂ ಅನುಮಾನಿಸಿ.

ಇಷ್ಟೆಲ್ಲ ನೋಡಿದ ಮೇಲೂ ದೋಷ ಒಳಗೇ ಇದೆ ಅಂತಾದರೆ ಗೇರ್‌ಬಾಕ್ಸ್ ಇಳಿಸಿ, ಹಿಂಜರಿಯಬೇಡಿ. ಒಮ್ಮೆ ಇಳಿಸಿದ ಮೇಲೆ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಕ್ರ್ಯಾಂಕ್ ಸೀಲ್ ಎಲ್ಲ ಹೊಸದೇ ಆಗಲಿ. ಒಳಗಿನ ಸ್ಲೇವ್ ಇದ್ದರೆ ಅದೂ ಸೇರಲಿ. ಒಂದಿಡೀ ತುಂಡಿನ ಫ್ಲೈವೀಲ್ ಆದರೆ ಲೇತ್ ಕೆಲಸದವರಲ್ಲಿ ಮೈ ಸಮ ಮಾಡಿಸಿ. ಪ್ಲೇಟ್ ಕೂರುವ ಶಾಫ್ಟಿನ ಹಲ್ಲುಗಳಾದ ಸ್ಪ್ಲೈನಿನ ತುಕ್ಕನ್ನು ಬ್ರಶ್ಶಿನಿಂದ ತೆಗೆದು, ಕೈಪಿಡಿ ಹೇಳಿದ ಗ್ರೀಸನ್ನು ತೆಳ್ಳಗೆ ಸವರಿ ಹೆಚ್ಚಾದದ್ದನ್ನು ಒರೆಸಿ, ಇಲ್ಲದಿದ್ದರೆ ಅದು ಸಿಡಿದು ಪ್ಲೇಟಿಗೆ ಹತ್ತುತ್ತದೆ. ಹೊಸ ಪ್ರೆಶರ್ ಪ್ಲೇಟಿನ ಮೈಗೆ ತುಕ್ಕು ಬಾರದಂತೆ ಎಣ್ಣೆ ಹಚ್ಚಿರುತ್ತಾರೆ, ಬ್ರೇಕ್ ಕ್ಲೀನರಿನಿಂದ ಒರೆಸಿಯೇ ಹಾಕಿ. ಪ್ಲೇಟಿನ ಯಾವ ಮುಖ ಫ್ಲೈವೀಲಿನ ಕಡೆಗೆ ಅಂತ ಅದರ ಮೇಲೇ ಬರೆದಿರುತ್ತದೆ.

ಮತ್ತೆ ನಿಲ್ಲಿಸುವಾಗ

ಮತ್ತೆ ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಮೊದಲು ಹೊಸ ಬ್ರೇಕ್ ಆಯಿಲ್ ತುಂಬಿ. ಎರಡು ಮೂರು ವಾರಕ್ಕೊಮ್ಮೆ ಪೆಡಲನ್ನು ಹತ್ತಾರು ಸಲ ಒತ್ತಿ ಬಿಡಿ. ಸಾಧ್ಯವಾದರೆ ಕಾರನ್ನು ಪೂರ್ತಿ ಬಿಸಿಯಾಗುವವರೆಗೆ ಓಡಿಸಿ ತನ್ನಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಲಾಭಕ್ಕಿಂತ ಹಾನಿ ಜಾಸ್ತಿ. ಉರಿದ ಪೆಟ್ರೋಲಿನಿಂದ ಬರುವ ನೀರಿನಂಶ ಆವಿಯಾಗಿ ಹೋಗುವಷ್ಟು ಬಿಸಿ ಆಗುವುದಿಲ್ಲ, ಎಂಜಿನ್ನಲ್ಲೂ ಸೈಲೆನ್ಸರಿನಲ್ಲೂ ಉಳಿಯುತ್ತದೆ. ಪೆಡಲಿಗೆ ಮರದ ತುಂಡು ಕೊಟ್ಟು ಕ್ಲಚ್ಚನ್ನು ಒತ್ತಿದ ಹಾಗೇ ಇಡುವ ಪದ್ಧತಿಯೂ ಇದೆ. ಪ್ಲೇಟ್ ಅಂಟುವುದನ್ನು ಅದು ತಡೆಯುತ್ತದೆ. ಕೇಬಲ್ ಕ್ಲಚ್ಚಿಗೆ ನನ್ನ ಒಪ್ಪಿಗೆ ಇದೆ. ಹೈಡ್ರಾಲಿಕ್ ಕಾರಿನಲ್ಲಿ ಹಳೆ ಸೀಲುಗಳನ್ನು ತಿಂಗಳುಗಟ್ಟಲೆ ಒತ್ತಡದಲ್ಲಿ ಇಡುವುದು ನನಗೆ ಹಿಡಿಸುವುದಿಲ್ಲ. ಶೆಡ್ಡಿನ ತೇವ ಕಡಿಮೆ ಮಾಡಿ, ಗಾಳಿ ಆಡಲು ಬಿಡಿ, ಪೆಡಲ್ ಆಗಾಗ ಒತ್ತಿ.

ರಿಪೇರಿ ಮುಗಿದ ಒಂದು ವಾರಕ್ಕೆ ಟ್ಯಾಂಕಿನ ಮಟ್ಟ ನೋಡಿ, ಸ್ಲೇವಿನ ರಬ್ಬರ್ ಟೋಪಿ ಮತ್ತೊಮ್ಮೆ ಸರಿಸಿ ನೋಡಿ, ರಾಡಿನ ಅಳತೆಯನ್ನು ಮತ್ತೆ ತೆಗೆದು ಮೊದಲಿನದರ ಪಕ್ಕ ಬರೆದಿಡಿ.